ಗುಲಾಬಿ ಮಡಿಯ ನಾಗರಕಲ್ಲು

ನಮ್ಮ ಜಿಲ್ಲೆಯ ಮಧುರೆಯ ಆಚೆ, ಬಿಳಿಯ ದೊರೆಯೊಬ್ಬ ಕಟ್ಟಿಸಿದ ಹಳೆಯ ಬಂಗಲೆಯಿದೆ. ಈಗ ಟಿಕೆಟ್ ಪಡೆದವರು ಅದರ ತೋಟದಲ್ಲಿ ಅಡ್ಡಾಡಬಹುದು. ಹೋದ ವರ್ಷ ನಾನೂ ಸೋದರತ್ತೆಯೂ ಅಲ್ಲಿಗೆ ಹೋದದ್ದು ತೋಟ ನೋಡಲು ಅಲ್ಲ. ನಮ್ಮೂರ ಕೆರೆ ಏರಿಯಿಂದ ಕಾಣೆಯಾಗಿದ್ದ ನಾಗರಕಲ್ಲು ಅಲ್ಲಿದೆ ಎಂದು ಯಾರೋ ಹೇಳಿದ್ದರು. ಮಕ್ಕಳಾಗಲೆಂದು ಹರಕೆ ಹೊತ್ತು ಅಜ್ಜಿ ನಿಲ್ಲಿಸಿದ ಕಲ್ಲು ಅದು. ಮರುವರ್ಷ ಹುಟ್ಟಿದವಳೇ ಈ ಅತ್ತೆ.

ಅಳತೆಗೋಲಿಟ್ಟು ಕತ್ತರಿಸಿದಂತಿದ್ದ ಬೇಲಿಗಿಡಗಳ ನಡುವೆ, ಗುಲಾಬಿ ಮಡಿಯಲ್ಲಿ, ಕಲ್ಲನ್ನು ಸಿಮೆಂಟು ಹಾಕಿ ನಿಲ್ಲಿಸಿದ್ದರು. ಜಗಲಿಯಲ್ಲಿ ಕಾಫಿ ಕುಡಿಯುವವರಿಗೆ ಹೆಡೆ ಕಾಣಲೆಂದು ಪೂರ್ವಕ್ಕಿರಬೇಕಾದ ಅದರ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿದ್ದರು. ಅತ್ತೆ ಚೀಲದಿಂದ ಹಾಲಿನ ತಂಬಿಗೆ ತೆಗೆದಳು.

“ಅಜ್ಜೀ, ಅದೆಲ್ಲ ಇಲ್ಲಿ ನಡಿಯಲ್ಲ,” ಎಂದು ಮೇಲ್ವಿಚಾರಕ ಓಡಿಬಂದ. “ಅದು ಶೋಗೆ ಇಟ್ಟಿರೋದು. ಹಾಲು ಹುಯ್ದ್ರೆ ಇರುವೆ ಬರ್ತವೆ.”

“ಕದ್ದ ಮಾಲಿಗೆ ಕಾವಲು ಬೇರೆ ಕೇಡು!” ಎಂದಳು ಅತ್ತೆ.

“ಯಾರ್ ಕದ್ರು? ಪಾಳು ಬಿದ್ದಿತ್ತು, ತಂದು ಕಾಪಾಡಿದೀವಿ. ಬೋರ್ಡ್ ಓದ್ಕೊಳ್ಳಿ.”

ಓದಿದೆ. ‘ಉದ್ಯಾನ ಶಿಲ್ಪ. ಮೂಲ ತಿಳಿದಿಲ್ಲ’ ಎಂದಿತ್ತು. ಅತ್ತೆಗೂ ಓದಿ ಹೇಳಿದೆ.

“ಗೊತ್ತಿಲ್ದಿದ್ರೆ ಕೇಳ್ಬೇಕಿತ್ತು ಕಣಯ್ಯಾ, ಹೊತ್ಕೊಂಡು ಬರೋದಲ್ಲ,” ಎಂದಳು. “ಇದು ಮೂಡ್ಲು ಮುಖ ಆಗೋಗಂಟ ನಾನು ಹಾಲೆರೆಯಲ್ಲ.”

ತಂಬಿಗೆಯ ಮುಚ್ಚಳ ಬಿಗಿಮಾಡಿ, ಕಲ್ಲಿಗೆ ಮುಖ ಮಾಡಿ, ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಮೇಲ್ವಿಚಾರಕ ಮೊದಲು ಬೈದ, ಆಮೇಲೆ ಬೇಡಿಕೊಂಡ. ಗೇಟು ಮುಚ್ಚುವವರೆಗೂ ಜಗಲಿಯವರಿಗೆ ಹೆಡೆ ಕಾಣಲಿಲ್ಲ. ಅತ್ತೆಯ ಬೆನ್ನು ಮಾತ್ರ ಕಂಡಿತು.