ಎಡತೋಳಿನ ಗುಳ್ಳೆ

ತೊಂಬತ್ತರ ದಶಕದಲ್ಲಿ ನಾನು ಚಾಮರಾಜಪೇಟೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದ ನರ್ಸ್. ಒಮ್ಮೆ ಒಬ್ಬ ಬಾಣಂತಿ ಮಗುವನ್ನು ಎರಡನೇ ಲಸಿಕೆಗೆ ಕರೆತರಲೇ ಇಲ್ಲ. ನಾನೇ ಅವರ ಮನೆಗೆ ಹೋದೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು.

"ಒಳಗೆ ಬರ್ಬೇಡಿ ಸಿಸ್ಟರ್, ಮಗೂಗೆ ಅಮ್ಮ ಬಂದಿದಾಳೆ," ಅಂದರು ಅಜ್ಜಿ.

ಹೊಸ್ತಿಲಾಚೆಯಿಂದಲೇ ಮಗುವನ್ನು ನೋಡಿದೆ. ಇಡೀ ಮೈಗೆ ಒಂದೇ ಗುಳ್ಳೆ, ಎಡತೋಳಿನಲ್ಲಿ. ಹುಟ್ಟಿದಾಗ ಕ್ಷಯ ಬರದಿರಲಿ ಅಂತ ನಾನೇ ಚುಚ್ಚಿದ್ದ ಜಾಗ ಅದು.

"ಅಜ್ಜಿ, ಇದು ನನ್ನ ಸೂಜಿ ಕೆಲಸ. ಮೈ ಕಾಯೋ ಸೈನ್ಯ ಚರ್ಮದಲ್ಲೇ ಜಾಸ್ತಿ ಇರುತ್ತೆ, ಅದಕ್ಕೇ ಚರ್ಮದೊಳಗೆ ಚುಚ್ಚೋದು. ಸೈನ್ಯ ಎದ್ದಿರೋದಕ್ಕೇ ಈ ಗುಳ್ಳೆ. ಕಲೆ ಉಳಿಸಿ ತಾನಾಗೇ ಒಣಗುತ್ತೆ."

"ಬಿಡ್ತು ಅನ್ನಿ!" ಅಜ್ಜಿ ಕೆನ್ನೆ ಬಡಿದುಕೊಂಡರು.

ಒಳಗಿನಿಂದ ತಾತ ಬಂದೇಬಿಟ್ಟರು. "ಹಾಗಾದ್ರೆ ಸಾರಿಗೆ ಒಗ್ಗರಣೆ ಹಾಕ್ಬಹುದಾ ಸಿಸ್ಟರ್? ಅಮ್ಮ ಇದಾಳೆ ಅಂತ ಎರಡು ವಾರದಿಂದ ಬರೀ ಸಪ್ಪೆ ಊಟ."

"ಧಾರಾಳವಾಗಿ."

ಅಜ್ಜಿ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದರು. "ಒಗ್ಗರಣೆ ಹಾಕ್ತೀನಿ, ಮಗೂನ ಸೂಜಿಗೂ ಕಳಿಸ್ತೀನಿ. ಬೇವು ಮಾತ್ರ ಇರ್ಲಿ. ನಿಮ್ಮ ಸೈನ್ಯಾನೂ ಯಾರಾದ್ರೂ ಕಾಯ್ಬೇಕಲ್ಲ?"

ನಾನು ಗೇಟು ದಾಟುವಷ್ಟರಲ್ಲಿ ಸಾಸಿವೆ ಚಟಪಟ ಅಂತು. ಈಗಲೂ ಯಾರ ತೋಳಿನಲ್ಲಾದರೂ ಆ ಪುಟ್ಟ ಕಲೆ ಕಂಡರೆ ನನ್ನ ಮೂಗಿಗೆ ಇಂಗಿನ ಘಮ ಬಡಿಯುತ್ತೆ.