ಸಣ್ಣಗೆ ಮಾತಾಡು ಎಂದವಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಸುಳ್ಳಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ದೇವದುರ್ಗ ತಾಲೂಕಿನ ಹಳ್ಳಿಯೊಂದಕ್ಕೆ ಟೀಚರಾಗಿ ಹೋದಾಗ ಆ ಸಿಟ್ಟನ್ನೂ ಟ್ರಂಕಿನ ಜೊತೆಗೇ ಒಯ್ದಿದ್ದೆ. ಗಬ್ಬೂರಿನಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ನನಗೆ ಏಳನೆಯ ತರಗತಿ ಕೊಟ್ಟರು. ಅದರಲ್ಲಿ ಅರ್ಧಕ್ಕರ್ಧ ಕುರಿ ಕಾಯುವವರ ಮಕ್ಕಳು.

ನಾನು ಬೆಳೆದದ್ದು ಮಾನ್ವಿಯಲ್ಲಿ, ಗುಡಿಯ ಪೂಜೆ ಮಾಡುವವರ ಮನೆಯಲ್ಲಿ. ಅಲ್ಲಿ ತಟ್ಟೆ ಸದ್ದು ಮಾಡಿದರೂ ಅಪ್ಪ ಕಣ್ಣೆತ್ತಿ ನೋಡುತ್ತಿದ್ದರು. ಹಿರಿಯರ ಮುಂದೆ ದನಿ ಏರಿಸಿದರೆ ಅದು ಸೊಕ್ಕು, ಬೇರೆ ಮಾತಿಲ್ಲ. ಇಲ್ಲಿಯ ಮಕ್ಕಳೋ, ಪಕ್ಕದಲ್ಲಿ ಕೂತವರನ್ನೂ ಊರಾಚೆಯಿಂದ ಕರೆದಂತೆ ಕರೆಯುತ್ತಿದ್ದರು. ಅಯ್ಯೋ ರಾಮಾ, ಮೊದಲ ವಾರಕ್ಕೇ ತಲೆ ಸಿಡಿದುಹೋಯಿತು! ಬೋರ್ಡಿನ ಮೂಲೆಯಲ್ಲಿ 'ಗದ್ದಲ ಮಾಡಿದವರು' ಎಂದು ಬರೆದು ಗೆರೆ ಎಳೆದೆ. ಅದರ ಕೆಳಗೆ ಹೆಸರು ಬಿದ್ದವರು ಸಂಜೆಯ ತನಕ ನಿಲ್ಲಬೇಕು.

ಒಬ್ಬ ಹುಡುಗಿಯ ಹೆಸರು ದಿನಾ ಬೀಳುತ್ತಿತ್ತು. ಗಣಿತದಲ್ಲಿ ಬಲು ಜಾಣೆ. ಉತ್ತರ ಹೊಳೆದ ಕೂಡಲೇ ಎದ್ದು ಚೀರಿ ಹೇಳುತ್ತಿದ್ದಳು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಸಣ್ಣಗ ಮಾತಾಡಾಕ ಬರಂಗಿಲ್ಲೇನು? ಇದೇನು ಕುರಿ ಹಟ್ಟಿ ಅಂದ್ಕೊಂಡಿಯೇನು?" ಎಂದು ಬೈದು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದೆ. ಸಣ್ಣ ತರಗತಿಯ ಮಕ್ಕಳು ನೋಡಿ ನಕ್ಕರು. ಆಕೆ ಅಳಲಿಲ್ಲ. ಮರುದಿನ ಶಾಲೆಗೆ ಬರಲೂ ಇಲ್ಲ. ತರಗತಿ ತಣ್ಣಗಾಯಿತು, ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು.

ನಾಲ್ಕನೆಯ ದಿನ ಒಂದು ಸುಲಭದ ಲೆಕ್ಕ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಗೊತ್ತಿದ್ದವರೂ ಬೋರ್ಡಿನ ಮೂಲೆಯನ್ನೇ ನೋಡುತ್ತ ಕೂತಿದ್ದರು. ಹೆದರಿಸಿ ಸುಮ್ಮನಾಗಿಸಿದ್ದೆನೇ ಹೊರತು ಕಲಿಸಿರಲಿಲ್ಲ. ಆ ಸಂಜೆಯೇ ಹುಡುಗಿಯ ಮನೆಗೆ ಹೊರಟೆ.

ಆಕೆ ಅಂಗಳದಲ್ಲಿ ಕುರಿಮರಿಗೆ ನೀರು ಕುಡಿಸುತ್ತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ತಾಯಿ ಕಂಬಳಿ ಹಾಸಿ, "ಬರ್ರಿ ಟೀಚರ್ರ, ಕುಂಡರ್ರಿ" ಎಂದಳು. ಆಮೇಲೆ ಏನೂ ಮುಚ್ಚಿಡದೆ ಹೇಳಿದಳು: "ಸೋಮವಾರ ಕುರಿ ಹೊಡ್ಕೊಂಡು ಹೊಳಿ ಕಡಿ ಹೊಂಟೀವಿ. ಈಕಿನೂ ಬರ್ತಾಳ. ಸಾಲಿ ಸಾಕಾಗ್ಯಾದಂತ."

"ಏಳನೇತ್ತ ಪರೀಕ್ಷಿ ಅದ ಯವ್ವಾ. ಈಗ ಬಿಟ್ರ ಆಕಿ ಓದು ಮುಗೀತು."

"ಯಾಕ ಕೂಗ್ತಾಳಂತ ಒಂದಿನಾರ ಕೇಳಿದಿರೇನ್ರಿ? ಅಡವ್ಯಾಗ ಸಣ್ಣಗ ಮಾತಾಡಿದ್ರ ಯಾರಿಗೆ ಕೇಳ್ತದ? ಹುಟ್ಟಿದಾಗಿಂದ ಹಂಗs ಮಾತಾಡಾಕತ್ತೀವಿ. ಸೊಕ್ಕಲ್ರಿ ಅದು."

ಮುಖಕ್ಕೆ ಹೊಡೆದಂತಾಯಿತು. ನಾಚಿಕೆಯಾಯಿತು. ಅದರ ಬೆನ್ನಿಗೇ ಹಟವೂ ಹುಟ್ಟಿತು. ಈ ಹುಡುಗಿಯನ್ನು ಒಪ್ಪಿಸದೆ ಏಳುವುದಿಲ್ಲ ಎಂದು ಕಂಬಳಿಯ ಮೇಲೆ ಗಟ್ಟಿಯಾಗಿ ಕೂತೆ. "ಏನ್ ಮಾಡಿದ್ರ ಬರ್ತಿ, ನೀನs ಹೇಳು" ಎಂದು ಅವಳನ್ನೇ ಕೇಳಿದೆ.

"ತಪ್ಪಾತು ಅನ್ರಿ. ಇಲ್ಲಿ ಬ್ಯಾಡ. ಸಾಲ್ಯಾಗ, ಎಲ್ಲಾರ ಮುಂದ."

ತಾಯಿ, "ಟೀಚರಿಗೆ ಹಂಗ ಅಂತಾರೇನಬೇ!" ಎಂದು ಗದರಿದಳು. ನನ್ನ ಸಿಟ್ಟು ಮೂಗಿಗೆ ಬಂದೇ ಬಂತು. ಮಕ್ಕಳ ಮುಂದೆ ನಾನು ತಪ್ಪೊಪ್ಪುವುದೇ? ಹೆಡ್ ಮಾಸ್ತರರಿಗೆ ಗೊತ್ತಾದರೆ ಆಡಿಕೊಂಡು ನಕ್ಕಾರು! ನಗಲಿ. ಸಿಟ್ಟನ್ನು ನುಂಗಿ, "ನಾಳಿ ಬಾ" ಎಂದೆ.

ಬಂದಳು. ಬಾಗಿಲ ಹತ್ತಿರ, ಕೊನೆಯ ಸಾಲಿನಲ್ಲಿ ಕೂತಳು. ನಾನು ಬೋರ್ಡಿನ ಮೂಲೆಯನ್ನು ಪೂರ್ತಿ ಒರೆಸಿದೆ. ಇನ್ನು ಗದ್ದಲವಾದರೆ ಏನು ಮಾಡೋಣ, ನೀವೇ ಹೇಳಿ ಎಂದು ಮಕ್ಕಳನ್ನು ಕೇಳಿದೆ. ಮೊದಲು ಅನುಮಾನದಿಂದ, ಆಮೇಲೆ ಎಲ್ಲರೂ ಒಟ್ಟಿಗೇ ಹೇಳಿದರು. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು, ದನಿ ಹೇಗೇ ಇರಲಿ, ಎಂದು ತೀರ್ಮಾನವಾಯಿತು. ಇಷ್ಟೆಲ್ಲ ಸಲೀಸಾಗಿ ಆಯಿತು. ನನ್ನ ಮಾತೊಂದು ಉಳಿದಿತ್ತು. ನೆಲ ನೋಡುತ್ತ, "ಅವತ್ತು ನಂದು ತಪ್ಪಾತು" ಎಂದೆ.

ಕೊನೆಯ ಸಾಲಿನಿಂದ ಆ ದನಿ ಬಂತು: "ಕೇಳಸ್ಲಿಲ್ರೀ ಟೀಚರ್ರ. ಜೋರಾಗಿ ಹೇಳ್ರಿ."

ತಲೆ ಎತ್ತಿದೆ. ಪಕ್ಕದ ತರಗತಿಯ ಮಾಸ್ತರರು ಪಾಠ ನಿಲ್ಲಿಸಿ ಬಾಗಿಲಿಗೆ ಬರುವಷ್ಟು ಜೋರಾಗಿ ಹೇಳಿದೆ. ಆಕೆ ಚೀಲ ಬಿಚ್ಚಿ ಗಣಿತದ ಪುಸ್ತಕ ತೆಗೆದಳು.