ಹತ್ತಿಯಕ್ಕನ ಸಾಲದ ಅರ್ಜಿ

ಬೀದಿಯವರೆಲ್ಲ ಅವಳನ್ನು ಹತ್ತಿಯಕ್ಕ ಎಂದೇ ಕರೆಯುತ್ತಿದ್ದರು. ಹಾಸಿಗೆ, ದಿಂಬು ಹೊಲಿಯುವುದು ಅವಳ ಕಸುಬು, ಅಪ್ಪನಿಂದ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ಆ ಒಂದು ಕೋಣೆಯ ಅಂಗಡಿ ಅವಳದೇ. ಹತ್ತಿ ಹಿಂಜಲು ಕೂತಳೆಂದರೆ ಎಳೆಗಳು ಮೇಲೆದ್ದು, ಬಾಗಿಲಿನ ಬಿಸಿಲಲ್ಲಿ ಗಳಿಗೆ ಹೊತ್ತು ನಿಂತು, ಮನಸ್ಸು ಬಂದಾಗ ಇಳಿಯುತ್ತಿದ್ದವು. ಅವಳ ರೆಪ್ಪೆಯ ಮೇಲೂ ಒಂದೆರಡು ಕೂರುತ್ತಿದ್ದವು. ದಬ್ಬಳಕ್ಕೆ ದಾರ ಪೋಣಿಸುತ್ತ ಪೋಣಿಸುತ್ತ ಎಲ್ಲಿಗೋ ಹೋಗಿಬಿಡುವಳು; ಗಿರಾಕಿಗಳು ಎರಡೆರಡು ಸಲ ಕೂಗಬೇಕಿತ್ತು.

ಮೂವತ್ತೇಳು ದಾಟುತ್ತಲೇ ಭುಜ ನೋಯತೊಡಗಿತು. ಹಿಂಜುವ ಯಂತ್ರಕ್ಕೆ ಸಾಲ ಮಾಡುತ್ತೇನೆ ಎಂದಾಗ ತಮ್ಮ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಬುದ್ಧಿ ಹೇಳಿದ.

"ಅದನ್ನ ಬೇರೆಯವರಿಗೆ ಹೇಳು. ನನ್ನ ಹತ್ರ ಎಲ್ಲರೂ ಕಾಲಿನ ಅಳತೆ ಕೊಟ್ಟೇ ಹಾಸಿಗೆ ಹೊಲಿಸ್ಕೊಳ್ಳೋದು," ಎಂದಳು.

ತಮ್ಮ ನಕ್ಕುಬಿಟ್ಟ. ಆದರೂ, ಅಲ್ಲಿ ಹೋಗಿ ಎದುರು ಮಾತಾಡಬೇಡ, ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ ಉತ್ತರ ಕೊಟ್ಟು ಬಾ ಎಂದು ಹೇಳಿ ಕಳಿಸಿದ.

ಬ್ಯಾಂಕಿನಲ್ಲಿ ಊಟದ ನಂತರದ ಹೊತ್ತು. ಫ್ಯಾನು ನಿದ್ದೆಗಣ್ಣಿನಲ್ಲಿ ತಿರುಗುತ್ತಿತ್ತು. ಒಂದೂವರೆ ಗಂಟೆ ಬೆಂಚಿನ ಮೇಲೆ ಕಾಯುತ್ತ, ಬೇರೆ ಕೆಲಸವಿಲ್ಲದೆ ಅವಳು ಎದುರು ಗೋಡೆಯ ಫಲಕ ಓದಿದಳು. ಸಾಲ ಕೇಳಲು ಬಂದವರನ್ನು ಕಾನೂನಿನ ಪ್ರಕಾರ ಏನು ಕೇಳಬಹುದು, ಏನು ಕೇಳಬಾರದು ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆದಾಯ, ಕಸುಬು, ತೀರಿಸಬೇಕಾದ ಬೇರೆ ಸಾಲ, ಎಷ್ಟು ವರ್ಷದಿಂದ ಅದೇ ವಿಳಾಸ, ಇವನ್ನು ಕೇಳಬಹುದು. ಧರ್ಮ, ಮೈಬಣ್ಣ, ಮಕ್ಕಳು ಮಾಡಿಕೊಳ್ಳುವ ಯೋಚನೆ ಇವನ್ನು ಕೇಳುವಂತಿಲ್ಲ. ತೂಕಡಿಕೆಯಲ್ಲಿ ಸಾಲುಗಳು ಒಂದರೊಳಗೊಂದು ಕರಗಿ ಮತ್ತೆ ಬಿಡಿಯಾಗುತ್ತಿದ್ದವು. ಮತ್ತೆ ಮೊದಲಿನಿಂದ ಓದಿದಳು.

ಫಲಕದ ಕೆಳಗೇ ಸಾಲದ ಅಧಿಕಾರಿಯ ಕುರ್ಚಿ. ಮೆತ್ತಗೆ ಮಾತಾಡುವ ಹಿರಿಯರು. ಇವಳ ಸರದಿ ಬಂದಾಗ ವಯಸ್ಸು, ವಿಳಾಸ ಬರೆದುಕೊಂಡು, ಪೆನ್ನನ್ನು ಅರ್ಜಿಯ ಮುಂದಿನ ಚೌಕಕ್ಕೆ ತಂದರು.

"ಮುಂದೆ ಮದುವೆ, ಮಕ್ಕಳು ಅಂತೇನಾದ್ರೂ ಯೋಚನೆ ಇದ್ಯಾ ಅಮ್ಮ? ಬಾಣಂತನ ಅಂತ ಅಂಗಡಿ ಮುಚ್ಚಿದ್ರೆ ಕಂತು ನಿಂತುಹೋಗತ್ತೆ ನೋಡಿ."

ದನಿಯಲ್ಲಿ ಕೆಟ್ಟತನವಿರಲಿಲ್ಲ. ಹತ್ತಿಯಕ್ಕ ಉತ್ತರ ಹುಡುಕುತ್ತ ತನ್ನೊಳಗೆ ಇಳಿದಳು. ತೊಟ್ಟಿಲಿಗೆಂದು ಎಷ್ಟೋ ಪುಟ್ಟ ಹಾಸಿಗೆ ಹೊಲಿದು ಕೊಟ್ಟಿದ್ದಳು. ಮೆತ್ತಗಿದೆಯೋ ಇಲ್ಲವೋ ಎಂದು ಅಂಗೈ ಒತ್ತಿ ನೋಡುವಾಗ, ಕೈ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಉಳಿಯುತ್ತಿತ್ತು. ಯಾಕೆಂದು ತನ್ನನ್ನೇ ಕೇಳಿಕೊಂಡಿರಲಿಲ್ಲ. ಈಗ ಗುರುತಿಲ್ಲದವರೊಬ್ಬರು ಅದಕ್ಕೊಂದು ಚೌಕ ಇಟ್ಟುಕೊಂಡು ಕಾಯುತ್ತಿದ್ದಾರೆ. ತಮ್ಮನ ಮಾತು ನೆನಪಾಯಿತು, ಆದರೆ ತಲೆ ತಗ್ಗಲಿಲ್ಲ.

"ಅದು ನನಗೇ ಇನ್ನೂ ಗೊತ್ತಿಲ್ಲ ಸಾರ್. ಗೊತ್ತಿದ್ರೂ ನೀವು ಕೇಳೋ ಹಾಗಿಲ್ಲ."

"ಯಾರು ಹೇಳಿದ್ದು?"

"ನಿಮ್ಮ ಹಿಂದಿನ ಗೋಡೆ."

ಕುರ್ಚಿ ಕಿರ್ರೆಂದು ತಿರುಗಿತು. ಅವರು ಹಣೆಯ ಮೇಲಿನ ಕನ್ನಡಕ ಇಳಿಸಿ, ಫಲಕವನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಹನ್ನೊಂದು ವರ್ಷ ಅದಕ್ಕೆ ಬೆನ್ನು ಕೊಟ್ಟೇ ಕೂತಿದ್ದರಂತೆ. ಹಾಗೆಂದು ತಾವೇ ಹೇಳಿಕೊಂಡರು. ಇದು ಹಳೆಯ ಕಾಲದ ಅರ್ಜಿ ಎಂದು ಗೊಣಗಿ, ಅಡಿಕೋಲಿಟ್ಟು ಆ ಸಾಲನ್ನು ಹೊಡೆದುಹಾಕಿದರು.

"ತಪ್ಪು ತಿಳ್ಕೋಬೇಡಿ ಅಮ್ಮ. ಕೇಳಬಹುದಾದ್ದನ್ನೇ ಕೇಳ್ತೀನಿ. ಆದ್ರೆ ಅದ್ರಲ್ಲಿ ಒಂದನ್ನೂ ಬಿಡಲ್ಲ."

ಬಿಡಲೂ ಇಲ್ಲ. ಎಳೆ ಎಳೆಯಾಗಿ ಬಿಡಿಸಿ ಕೇಳಿದರು. ತಿಂಗಳಿಗೆ ಎಷ್ಟು ಹಾಸಿಗೆ, ಯಾವ ತಿಂಗಳು ವ್ಯಾಪಾರ ಬೀಳುತ್ತದೆ, ಹಿಂದೆ ಕೊಂಡ ಹೊಲಿಗೆ ಯಂತ್ರದ ಕಂತು ಇನ್ನೆಷ್ಟು ಉಳಿದಿದೆ. ಇವಕ್ಕೆ ಹತ್ತಿಯಕ್ಕ ಒಂದು ಸಲವೂ ತಡವರಿಸದೆ ಉತ್ತರ ಕೊಟ್ಟಳು.

ಮೂರು ವಾರಕ್ಕೆ ಕಾಗದ ಬಂತು. ಕೇಳಿದ್ದಕ್ಕಿಂತ ಕಡಿಮೆ ಮಂಜೂರಾಗಿತ್ತು; ವ್ಯಾಪಾರವಿಲ್ಲದ ತಿಂಗಳುಗಳೇ ಕಾರಣವೆಂದು ಬರೆದಿತ್ತು. ಓದಿ, ಅದು ನ್ಯಾಯವೇ ಎನಿಸಿತು. ಯಾರೋ ಬಳಸಿ ಬಿಟ್ಟ ಯಂತ್ರವೊಂದನ್ನು ಕೊಂಡಳು. ಅದು ಬಾಗಿಲಿಗಿಂತ ಎರಡು ಬೆರಳು ಅಗಲವಿತ್ತು; ಅವಳ ತಮ್ಮ ಊರನ್ನೆಲ್ಲ ಬೈಯುತ್ತ ಚೌಕಟ್ಟು ಕಿತ್ತ.

ಎರಡು ದಿನ ಹಿಡಿಯುತ್ತಿದ್ದ ಹಿಂಜುವ ಕೆಲಸ ಯಂತ್ರ ಓಡಿದ ಮೊದಲ ದಿನ ಮಧ್ಯಾಹ್ನದೊಳಗೆ ಮುಗಿಯಿತು. ಉಳಿದ ಹೊತ್ತನ್ನು ಏನು ಮಾಡುವುದೆಂದು ತೋಚದೆ, ಸೆರಗು ಕೊಡವಿಕೊಂಡು ಹೊರಗೆ ಬಂದಳು. ಆ ಹೊತ್ತಿನಲ್ಲಿ ಬೀದಿ ಹೇಗಿರುತ್ತದೆಂಬುದೇ ಅವಳಿಗೆ ಮರೆತಿತ್ತು. ಮುಚ್ಚಿದ ಕಿಟಕಿಗಳು, ಗೋಡೆಯ ನೆರಳಿನಲ್ಲಿ ಮಲಗಿದ್ದ ಒಂದು ಬೆಕ್ಕು, ಯಾವುದೋ ಮನೆಯೊಳಗೆ ನೀರು ಸುರಿಯುವ ಸದ್ದು. ಅವಸರವಿಲ್ಲದೆ ಬೀದಿಯ ಕೊನೆಯವರೆಗೂ ನಡೆದುಹೋದಳು.